ದೇವರಮನೆಯ ಆಕ್ಸೊಲಾಟಲ್

ನಮ್ಮಣ್ಣ ಷಡಕ್ಷರಿಗೆ ನಾಚಿಕೆ ಜಾಸ್ತಿ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ನಾಚಿಕೆ ಇರಬೇಕಾದವರಿಗೆ ಇರುವುದಿಲ್ಲ, ಇವನಿಗೆ ಮಾತ್ರ ಬೀದಿಗೆಲ್ಲ ಹಂಚುವಷ್ಟಿದೆ. ಒಂದು ಸಲ ತುಮಕೂರಿನಿಂದ ಬರುವಾಗ ಗುಬ್ಬಿಯಲ್ಲಿ ಇವನು ಇಳಿಯುವ ಮೊದಲೇ ಕಂಡಕ್ಟರ್ ರೈಟ್ ಹೇಳಿಬಿಟ್ಟ. "ಹೋಲ್ಡಾನ್" ಎಂದು ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಬಸ್ಸಿನ ಜನವೆಲ್ಲ ತಿರುಗಿ ನೋಡುತ್ತಾರಲ್ಲ ಎಂದು ನಾಚಿ, ನಿಟ್ಟೂರಿನವರೆಗೂ ಸುಮ್ಮನೆ ಕೂತು ಹೋಗಿ, ಅಲ್ಲಿ ಇಳಿದು ಟೀ ಕುಡಿದು, ಯಾರನ್ನೋ ನೋಡಲು ಬಂದವನ ಹಾಗೆ ಮುಖ ಮಾಡಿಕೊಂಡು ವಾಪಸ್ ಬಂದ. ಚಪ್ಪಲಿ ಅಂಗಡಿಯವನು ಪಾಪ ಅಷ್ಟೊಂದು ಡಬ್ಬ ಬಿಚ್ಚಿ ತೋರಿಸಿದ ಅಂತ ಕಾಲಿಗೆ ಹಿಡಿಯದ ಚಪ್ಪಲಿಯನ್ನೇ ತಂದು ಅದು ಸವೆಯುವವರೆಗೂ ಕುಂಟಿದ. ಹೆಣ್ಣು ನೋಡಲು ಹೋದಾಗ ಹುಡುಗಿಯ ಮುಖ ನೋಡದೆ ಉಪ್ಪಿಟ್ಟಿನ ತಟ್ಟೆ ನೋಡಿಕೊಂಡು ಕೂತಿದ್ದ. "ಹುಡುಗಿ ಹೆಂಗವ್ಳೋ?" ಎಂದು ಕೇಳಿದರೆ "ಉಪ್ಪಿಟ್ಟು ಚೆನ್ನಾಗಿತ್ತು" ಎಂದ. ನಮ್ಮ ಅತ್ತಿಗೆಯ ಪುಣ್ಯ, ಆ ಉಪ್ಪಿಟ್ಟು ಅವರೇ ಮಾಡಿದ್ದು.

ನಾನು ಮಾಲಿನಿ, ಅವನ ಒಬ್ಬಳೇ ತಂಗಿ. ಮದುವೆಯಾಗಿ ತುಮಕೂರಿನ ಬಟವಾಡಿಯಲ್ಲಿದ್ದೇನೆ. ನನಗೆ ಬಾಯಿ ಜೋರು. "ಇಬ್ರಿಗೂ ಹಂಚ್ಬೇಕಾದ ಬಾಯ್ನ ಶಿವ ಒಬ್ಳಿಗೇ ಕೊಟ್ಬುಟ್ಟ" ಎಂದು ಅವ್ವ ಹೇಳುತ್ತಿದ್ದಳು. ಅಣ್ಣನಿಗೆ ಕುಣಿಗಲ್ಲಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ ಕೆಲಸ. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್, ಸಂಜೆ ಮತ್ತೆ ಅದೇ ದಾರಿ. ಅವನಿಗಿಂತ ಚಿಕ್ಕವರೆಲ್ಲ ಗುಬ್ಬಿ ಶಾಖೆಗೆ ವರ್ಗ ಮಾಡಿಸಿಕೊಂಡರು. ಇವನು ಕೇಳಲಿಲ್ಲ. "ಕೇಳೋಕೆ ಒಂಥರಾ ಆಗುತ್ತೆ ಕಣೇ" ಎನ್ನುತ್ತಾನೆ. ಆ "ಒಂಥರಾ" ಅನ್ನುವುದರ ಕಾಲು ಮುರಿಯಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಒಳ್ಳೆಯವನು, ದುಶ್ಚಟವಿಲ್ಲ, ಯಾರ ಕಾಸಿಗೂ ಕೈ ಚಾಚಿದವನಲ್ಲ. ಆದರೆ ಒಂದು ನಿಜ ಹೇಳಿ ಮುಖ ಕೆಂಪಾಗಿಸಿಕೊಳ್ಳುವುದಕ್ಕಿಂತ ಒಂದು ಸುಳ್ಳು ಹೇಳಿ ನೆಮ್ಮದಿಯಾಗಿ ಒಳಗೆ ಹೋಗುವುದು ಅವನಿಗೆ ಸುಲಭ.

ಅವನ ಮಗಳು ಕಾವ್ಯ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹುಟ್ಟುಹಬ್ಬಕ್ಕೆ ಬಟ್ಟೆ ಬೇಡ, ಸೈಕಲ್ ಬೇಡ, ಆಕ್ಸೊಲಾಟಲ್ ಬೇಕು ಎಂದು ಕೂತಳು. ಫೋನಿನ ಆಟದಲ್ಲಿ ನೋಡಿದ್ದಂತೆ. ನಾನು ಅದು ಯಾವುದೋ ಚಾಕೊಲೇಟು ಅಂದುಕೊಂಡೆ. ಆಮೇಲೆ ಫೋಟೋ ತೋರಿಸಿದಳು. ಗೇಣುದ್ದದ ಪ್ರಾಣಿ, ಎಳೆಮಗುವಿನ ಅಂಗಾಲಿನ ಬಣ್ಣ, ನಾಲ್ಕು ಪುಟ್ಟ ಕಾಲು, ಕುತ್ತಿಗೆಯ ಎರಡೂ ಕಡೆ ಕೆಂಪು ಗರಿಯಂಥ ಕಿವಿರು, ಅಗಲ ಬಾಯಿ. ಸದಾ ನಗುತ್ತಿರುವ ಹಾಗೆ ಕಾಣುತ್ತದೆ. ಮೀನಲ್ಲ, ಕಪ್ಪೆಯ ದೂರದ ಬಳಗ. ಕಾಲು ತುಂಡಾದರೆ ಮತ್ತೆ ಬೆಳೆಯುತ್ತದಂತೆ. "ನಿಮ್ಮಪ್ಪನಿಗೆ ಒಂದು ನಾಲಿಗೆ ಬೆಳೆಯುತ್ತಾ ಕೇಳು" ಎಂದೆ.

ಅಣ್ಣ ಇಲ್ಲ ಎನ್ನಲಾರದವನು, ಹೂಂ ಎಂದ. ಹುಡುಗಿ ಓದಿಕೊಂಡಿದ್ದಳು, ಸುಮ್ಮನೆ ಹಟ ಮಾಡಿದ್ದಲ್ಲ. ಪ್ರಾಣಿ ತರುವ ಮೊದಲು ಬರೀ ನೀರಿನ ತೊಟ್ಟಿ ಇಟ್ಟು ಒಂದು ತಿಂಗಳಾದರೂ ಫಿಲ್ಟರ್ ಓಡಿಸಬೇಕು, ನೀರು ಪಳಗಬೇಕು, ಅದರೊಳಗೆ ಕಣ್ಣಿಗೆ ಕಾಣದ ಒಳ್ಳೆಯ ಕ್ರಿಮಿಗಳು ಬೆಳೆಯಬೇಕು, ಆಮೇಲೇ ಜೀವ ಬಿಡಬೇಕು ಎಂದಳು. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಅಂಗಡಿಯಲ್ಲಿ ಸಿಗುವ ಔಷಧಿಯ ಹನಿ ಹಾಕಿ ಕ್ಲೋರಿನ್ ತೆಗೆದಳು. ಹಾಗೆ ನಮ್ಮ ತವರಿನ ನಡುಮನೆಯಲ್ಲಿ ಒಂದು ತಿಂಗಳು ಬರೀ ನೀರು ಗುಳುಗುಳು ಎನ್ನುತ್ತಾ ಕೂತಿತ್ತು. ಬಂದವರೆಲ್ಲ "ಏನ್ ಷಡಕ್ಷರಿ, ನೀರು ಸಾಕ್ತಾ ಇದೀಯಾ?" ಎಂದು ನಗುವವರೇ. ಅಣ್ಣನಿಗೆ ತಡೆಯಲಾಗಲಿಲ್ಲ. ಒಂದು ದಿನ ತುಮಕೂರಿನಿಂದ ಎರಡು ಪ್ಲಾಸ್ಟಿಕ್ ಮೀನು ತಂದು ತೊಟ್ಟಿಯಲ್ಲಿ ಬಿಟ್ಟ. ಜನ ನೋಡಿ "ಓ, ಮೀನಿದೆ" ಎಂದು ಹೋದರು. ಇವನ ಜೀವ ತಣ್ಣಗಾಯಿತು.

ತುಮಕೂರಿನ ಬಿ.ಎಚ್. ರಸ್ತೆಯ ಹತ್ತಿರ ಮಲ್ಲಿಕಾರ್ಜುನ್ ಎಂಬುವವನದು ಮೀನಿನ ಅಂಗಡಿ. ಪ್ರಾಣಿ ಕೊಡುವಾಗ ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ನಾನೂ ಜೊತೆಗಿದ್ದೆ, ಆದರೆ ಪಕ್ಕದ ಅಂಗಡಿಯಲ್ಲಿ ಹೂವು ಕಟ್ಟಿಸುತ್ತಿದ್ದೆ. ಕಾವ್ಯ ಇದನ್ನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

"ಸಾರ್, ಮುಖ್ಯ ಇಷ್ಟೇ. ನೀರು ತಣ್ಣಗಿರ್ಬೇಕು, ಬಿಸಿ ಆದ್ರೆ ಹೋಯ್ತು ಅನ್ಕೊಳ್ಳಿ. ಬಿಸಿಲು ಬೀಳ್ಬಾರ್ದು, ಅದಕ್ಕೆ ಕಣ್ಣಿಗೆ ರೆಪ್ಪೆ ಇಲ್ಲ. ತಳಕ್ಕೆ ಕಲ್ಲು ಹಾಕ್ಬೇಡಿ. ಬಾಯಿ ಮುಂದೆ ಏನ್ ಬಿದ್ರೂ ಸೊರ್ ಅಂತ ಎಳ್ಕೊಂಡ್ಬಿಡುತ್ತೆ, ಹೊಟ್ಟೇಲಿ ಸಿಕ್ಕಾಕ್ಕೊಂಡು ಸಾಯುತ್ತೆ. ಇನ್ನು ಊಟ, ಎರೆಹುಳ. ಅದಕ್ಕಿಂತ ಬೆಸ್ಟ್ ಇಲ್ಲ."

ಅಣ್ಣ ಆಚೀಚೆ ನೋಡಿ "ಸ್ವಲ್ಪ ಮೆತ್ತಗೆ ಹೇಳ್ರೀ" ಎಂದನಂತೆ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಹುಳದ ಮಾತು ಕೇಳಿಸಿಕೊಳ್ಳುವುದು ಅವನಿಗೆ ಸಂಕಟ.

ನಮ್ಮವ್ವನನ್ನು ಹೇಳದಿದ್ದರೆ ಆ ಸಂಕಟ ನಿಮಗೆ ತಿಳಿಯುವುದಿಲ್ಲ. ಅವ್ವ ಬಸವಲಿಂಗಮ್ಮ, ಚೇಳೂರು ಕಡೆಯ ಹೆಣ್ಣುಮಗಳು. ಅಪ್ಪ ಹೋದ ಮೇಲೆ ಇದ್ದ ತೆಂಗಿನ ತೋಟ ನೋಡಿಕೊಂಡು ನಮ್ಮಿಬ್ಬರನ್ನೂ ಓದಿಸಿದವಳು. ದಿನವೂ ಲಿಂಗಪೂಜೆಯಾಗದೆ ತೊಟ್ಟು ನೀರು ಮುಟ್ಟುವುದಿಲ್ಲ. ಜಿರಳೆ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಿಲಿಗೆ ಬಿಟ್ಟು "ಹೋಗಪ್ಪ ನಿನ್ನ ಮನೆಗೆ" ಎನ್ನುವವಳು. ಇರುವೆ ಗೂಡಿಗೆ ರವೆ ಹಾಕುವವಳು. ಅಕ್ಕಿಯಲ್ಲಿ ಹುಳ ಕಂಡರೆ ಬಿಸಿಲಿಗೆ ಹರಡಿ, ಅವೆಲ್ಲ ತಾವಾಗಿ ಹರಿದುಹೋಗುವವರೆಗೂ ಕಾಯುವವಳು. ಅಂಥವಳ ಮನೆಗೆ ಇವನು ಹುಳ ತಿನ್ನುವ ಪ್ರಾಣಿಯನ್ನು ತಂದ.

ಚಳಿಗಾಲದಲ್ಲಿ ತೊಂದರೆಯಾಗಲಿಲ್ಲ. ತೊಟ್ಟಿಯನ್ನು ಮಹಡಿಯ ಮೇಲಿನ ಕಾವ್ಯಳ ಕೋಣೆಗೆ ಸಾಗಿಸಿದರು. ಮಂಡಿನೋವಿನ ಅವ್ವ ಮಹಡಿ ಹತ್ತುವುದಿಲ್ಲ. ಅಣ್ಣ ಬೆಳಗಾಗುವ ಮುಂಚೆ ಹಿತ್ತಿಲ ತೆಂಗಿನ ಪಾತಿ ಕೆದಕಿ ಎರೆಹುಳ ಆಯ್ದು, ಇಂಗಿನ ಖಾಲಿ ಡಬ್ಬಿಯಲ್ಲಿ ಹಸಿ ಮಣ್ಣು ಹಾಕಿ ಇಟ್ಟುಕೊಳ್ಳುತ್ತಿದ್ದ. ಒಂದು ದಿನ ಅತ್ತಿಗೆ ಸಾರಿಗೆ ಒಗ್ಗರಣೆ ಹಾಕಲು ಆ ಡಬ್ಬಿ ತೆಗೆದರು. ಆಮೇಲೆ ಬಂದ ಚೀರಾಟಕ್ಕೆ ಪಕ್ಕದ ಮನೆಯ ಗುಂಡಯ್ಯನವರು ಗೋಡೆ ಹಾರಿ ಬಂದರಂತೆ. "ಜಿರಳೆ, ಜಿರಳೆ" ಎಂದು ಅಣ್ಣ ಎಲ್ಲರನ್ನೂ ಕಳಿಸಿದ. ಅತ್ತಿಗೆ ಒಳಗೆ ಕರೆದು ಉಗಿದರು. "ಅತ್ತೆಗೆ ಹೇಳಿಬಿಡ್ರೀ, ಏನಾಗುತ್ತೆ? ಬೈತಾರೆ, ಅಷ್ಟೇ ತಾನೇ?" ಎಂದರಂತೆ. "ಹೇಳ್ತೀನಿ ಕಣೇ, ಟೈಮ್ ನೋಡಿ ಹೇಳ್ತೀನಿ" ಎಂದ. ಅವನ ಟೈಮು ಯಾವತ್ತೂ ಬರುವುದಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಮಹಡಿಯ ಕೋಣೆ ಕಾದು ಬಾಣಲೆಯಾಯಿತು. ಕಾವ್ಯ ದಿನಕ್ಕೆ ನಾಲ್ಕು ಸಲ ನೀರಿನ ಶಾಖ ಅಳೆದು ಅಳುಮುಖ ಮಾಡುತ್ತಿದ್ದಳು. ಪ್ರಾಣಿಯ ಕಿವಿರು ಮುಂದಕ್ಕೆ ಸುರುಟಿಕೊಂಡಿತು, ಮಂಕಾಯಿತು. ನೀರಿನ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಕಲ್ಲಾಗಿಸಿ ಒಂದರ ಹಿಂದೆ ಒಂದು ತೊಟ್ಟಿಗಿಳಿಸಿದರು. ಮಹಡಿಯಲ್ಲಿ ಅವು ಕಣ್ಣುಮುಚ್ಚಿ ತೆರೆಯುವುದರೊಳಗೆ ಕರಗುತ್ತಿದ್ದವು. ನಮ್ಮ ಹಳೆಯ ಮನೆಯಲ್ಲಿ ತಣ್ಣಗಿರುವ ಜಾಗ ಒಂದೇ, ದೇವರಮನೆ. ಕಲ್ಲುಚಪ್ಪಡಿಯ ನೆಲ, ದಪ್ಪ ಮಣ್ಣಿನ ಗೋಡೆ, ಕಿಟಕಿಯಿಲ್ಲ. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಕಾಲಿಟ್ಟರೆ ಹಾಯೆನಿಸುತ್ತದೆ.

ಕಾವ್ಯ ಹೋಗಿ ಅಜ್ಜಿಯ ಮುಂದೆ ಕೂತು ಕೇಳಿದಳು. ಅವ್ವ ಪ್ರಾಣಿಯನ್ನು ಸರಿಯಾಗಿ ನೋಡಿದ್ದು ಅವತ್ತೇ. "ಅಯ್ಯೋ ಶಿವನೇ, ನಗ್ತಾ ಐತಲ್ಲೇ ಇದು! ಬಾಯಿಲ್ದ ಜೀವ, ಬಿಸ್ಲಿಗೆ ಸಾಯ್ಬಾರ್ದು. ಇಡ್ರವ್ವ" ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಅಲ್ಲಪ್ಪ, ಇದು ತಿನ್ನೋದೇನು? ಲಿಂಗಪೂಜೆ ಮಾಡೋ ಜಾಗ ಅದು" ಎಂದು ಕೇಳಿದಳು.

ನೇರವಾದ ಪ್ರಶ್ನೆ. ನೇರವಾದ ಉತ್ತರ ಕೊಟ್ಟಿದ್ದರೆ ಅವ್ವ "ಹಂಗಾದ್ರೆ ಬ್ಯಾಡ" ಎನ್ನುತ್ತಿದ್ದಳು. ನಮ್ಮ ಮನೆಗೆ ತಂದಿಡಬಹುದಿತ್ತು, ನಮ್ಮದು ಕೆಳಗಿನ ಮನೆ. ಇಲ್ಲ, ನೀರು ತಣ್ಣಗಿಡುವ ಯಂತ್ರ ಸಿಗುತ್ತದೆ ಎಂದು ಕಾವ್ಯ ಬಡಿದುಕೊಳ್ಳುತ್ತಿದ್ದಳು, ಅದನ್ನು ತರಬಹುದಿತ್ತು. ನಮ್ಮಣ್ಣ ನೆಲ ನೋಡಿಕೊಂಡು "ಕಾಳುಗೀಳು ಅವ್ವಾ, ಬೇಯ್ಸಿದ್ದು. ಸೊಪ್ಪು..." ಎಂದ.

ಅವ್ವನ ಮುಖ ಅರಳಿತು. "ನಮ್ಮೋನೇ ಬುಡು!" ಎಂದು ಅದಕ್ಕೆ ಶಂಭು ಎಂದು ಹೆಸರಿಟ್ಟಳು. ಆಮೇಲೆ ಅಣ್ಣ ಮಗಳನ್ನು ಮಹಡಿಗೆ ಕರೆದೊಯ್ದು, "ಅಜ್ಜಿಗೆ ಹೇಳ್ಬೇಡ ಪುಟ್ಟಾ, ನನ್ ಮೇಲೆ ಆಣೆ" ಎಂದ. ಹದಿನಾಲ್ಕು ವರ್ಷದ ಮಗುವಿನ ಬಾಯಿಗೆ ಬೀಗ ಹಾಕಿದ. ಆ ಮಾತು ನನಗೆ ಗೊತ್ತಾದಾಗ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಅಲ್ಲಿಂದ ಅವನ ಬದುಕು ಕಳ್ಳನ ಬದುಕಾಯಿತು. ಅವ್ವ ಸ್ನಾನಕ್ಕೆ ಹೋದ ಹೊತ್ತು ನೋಡಿ ಅಂಗಿಯೊಳಗೆ ಡಬ್ಬಿ ಮುಚ್ಚಿಟ್ಟುಕೊಂಡು ದೇವರಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡು ಹುಳ ತಿನ್ನಿಸುತ್ತಿದ್ದ. ಹೊರಗೆ ಬರುವಾಗ ಅನುಮಾನ ಬಾರದಿರಲಿ ಎಂದು ಮೂರು ಬೆರಳು ವಿಭೂತಿ ಎಳೆದುಕೊಂಡು ಬರುತ್ತಿದ್ದ. ಅವ್ವನಿಗೆ ಅದೆಷ್ಟು ಹಿಗ್ಗು! ನನಗೆ ಫೋನು ಮಾಡಿ, "ಮಾಲಿನೀ, ನಿಮ್ಮಣ್ಣಂಗೆ ಈಗ ಭಕ್ತಿ ಬಂದೈತೆ ಕಣೇ. ದಿನಾ ನನಗಿಂತ ಮುಂಚೆ ದೇವರಮನೆ ಸೇರ್ತಾನೆ. ಬಾಗ್ಲು ಹಾಕ್ಕೊಂಡು ಅದೇನ್ ಧ್ಯಾನ ಅಂತೀಯಾ!" ಎಂದಳು. ಅವಳು ಹೀಗೆ ಹೇಳುವಾಗೆಲ್ಲ ಅಣ್ಣ ಅಲ್ಲೇ ಇರುತ್ತಿದ್ದ, ಕಿವಿ ಕೆಂಪಗೆ ಮಾಡಿಕೊಂಡು ಪೇಪರ್ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ. ನಾಚಿಕೆಯಿಂದ ಹೇಳಿದ ಸುಳ್ಳು ಇನ್ನಷ್ಟು ನಾಚಿಕೆ ತಂದಿತ್ತು. ಇವನು ಊಟ ಕಡಿಮೆ ಮಾಡಿದ, ಇಳಿದುಹೋದ. ಅವ್ವ ಅದನ್ನೂ ಭಕ್ತಿ ಎಂದಳು.

ಹಗಲೆಲ್ಲ ಮನೆಯಲ್ಲಿರುವವಳು ಅವ್ವ ಒಬ್ಬಳೇ. ಅತ್ತಿಗೆ ಶಾಲೆಗೆ ಪಾಠಕ್ಕೆ ಹೋಗುತ್ತಾರೆ, ಕಾವ್ಯ ಓದಲು ಹೋಗುತ್ತಾಳೆ. ಅವ್ವ ಪೂಜೆ ಮುಗಿಸಿ ಶಂಭುವಿನ ಜೊತೆ ಮಾತಾಡುತ್ತಾ ಕೂರುವಳು. ಬೇಯಿಸಿದ ಬಟಾಣಿ ಒಂದೆರಡು ಹಾಕುವಳು. ಅದು ಹಸಿದಿರುತ್ತಿರಲಿಲ್ಲವಾದ್ದರಿಂದ ತಿರುಗಿ ನೋಡುತ್ತಿರಲಿಲ್ಲ. ಸಂಜೆ ಬಂದ ಅಣ್ಣ ಅವನ್ನು ಬಲೆಯಿಂದ ತೆಗೆದು ಬಿಸಾಡುತ್ತಿದ್ದ. "ಎಲ್ಲಾ ತಿಂದೈತೆ ನೋಡು" ಎಂದು ಅವ್ವ ಖುಷಿಪಡುತ್ತಿದ್ದಳು. ಬೀದಿಯ ತುಂಬ ಹೇಳಿಕೊಂಡು ಬಂದಳು, ನಮ್ಮನೆಗೆ ಬಂದ ಪ್ರಾಣಿಯೂ ಕಾಯಿಪಲ್ಲೆಯದೇ ಅಂತ.

ಆಗ ಅಕ್ಕನ ಬಳಗದವರು ಬಂದರು. ನಮ್ಮಲ್ಲಿ ಹೆಂಗಸರು ಸೇರಿ ವಾರಕ್ಕೊಬ್ಬರ ಮನೆಯಲ್ಲಿ ವಚನ ಹಾಡುತ್ತಾರೆ. ಆ ಭಾನುವಾರ ನಮ್ಮ ತವರುಮನೆಯ ಸರದಿ. ನಾನೂ ಬಟವಾಡಿಯಿಂದ ಹೋಗಿದ್ದೆ. ಹಾಡು ಮುಗಿಯಿತು, ಮಂಗಳಾರತಿಯಾಯಿತು, ಕಡಲೆಕಾಳಿನ ಉಸಲಿ ಪ್ರಸಾದ ಹಂಚಿದ್ದಾಯಿತು. ಅವ್ವ ಹೆಂಗಸರನ್ನೆಲ್ಲ ದೇವರಮನೆಗೆ ಕರೆದಳು. "ಬರ್ರವ್ವಾ, ನಮ್ ಶಂಭೂನ ನೋಡ್ಬರ್ರೀ. ಕಾಳು ತಿಂತಾನೆ ನಮ್ ಥರಾನೇ."

ಒಬ್ಬರು ಉಸಲಿಯ ಒಂದು ಕಾಳು ಹಾಕಿದರು. ಅಣ್ಣ ಹಿಂದಿನ ದಿನ ಬೆಳಕಾಗುವ ಮುಂಚೆಯೇ ಕುಣಿಗಲ್ಲಿಗೆ ಹೊರಟವನು ಹುಳ ಹಾಕಿರಲಿಲ್ಲ, ಅವತ್ತು ಮನೆ ತುಂಬ ಜನ. ಶಂಭು ಹಸಿದಿತ್ತು. ಬಾಯಿ ಮುಂದೆ ಬಿದ್ದದ್ದನ್ನು ಸೊರ್ ಎಂದು ಎಳೆದುಕೊಂಡಿತು. ಹೆಂಗಸರು "ಅಯ್ಯೋ ನೋಡ್ರೇ, ಪ್ರಸಾದ ತಗೊಂತು!" ಎಂದು ಕೈ ಮುಗಿದರು. ಇನ್ನೊಬ್ಬರು ಹಾಕಿದರು, ಮತ್ತೊಬ್ಬರು ಹಾಕಿದರು. ನಾನೂ ಹಾಕಿದೆ, ನನಗೇನು ಗೊತ್ತು? ನನ್ನದನ್ನೂ ನುಂಗಿತು. ನನಗೆ ಆಗ ಸಂತೋಷವೇ ಆಯಿತು.

ಅತ್ತಿಗೆ ಅಡಿಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಬಾಗಿಲಲ್ಲಿ ಅಣ್ಣ ನಿಂತಿದ್ದ. ಕಾವ್ಯ ಅವನ ಅಂಗಿ ಹಿಡಿದು ಜಗ್ಗುತ್ತಿದ್ದಳು. "ಅಪ್ಪಾ ಹೇಳು. ಅಪ್ಪಾ ಪ್ಲೀಸ್, ಹೇಳು" ಎನ್ನುತ್ತಿದ್ದಳು. ಅಮ್ಮನ ಹತ್ತಿರ ಏನೋ ಹೇಳಿಸಿಕೊಳ್ಳಲು ಹಟ ಮಾಡುತ್ತಿದ್ದಾಳೆ ಅಂದುಕೊಂಡೆ. ಅಣ್ಣ ಗಂಟಲು ಸರಿಮಾಡಿಕೊಂಡು "ಸಾಕು, ಅಜೀರ್ಣ ಆಗುತ್ತೆ" ಎಂದದ್ದು ಅವನ ಅಂಗಿಯ ಗುಂಡಿಗೂ ಕೇಳಿಸಿರಲಿಕ್ಕಿಲ್ಲ. ಅಷ್ಟರಲ್ಲಿ ಒಬ್ಬ ಅಜ್ಜಿ ಅವನ ಕಡೆ ತಿರುಗಿ, "ಪುಣ್ಯವಂತ ಕಣಪ್ಪಾ ನೀನು, ಮೂಕ ಪ್ರಾಣೀಗೂ ಸಂಸ್ಕಾರ ಕಲ್ಸಿದೀಯ" ಎಂದರು. ಅವನು ಕೈ ಮುಗಿದ. ಕಾವ್ಯ ಅವನ ಅಂಗಿ ಬಿಟ್ಟು ಮಹಡಿಗೆ ಓಡಿಹೋದಳು.

ಮಂಗಳವಾರ ಸಂಜೆಗೆ ಶಂಭುವಿನ ಹೊಟ್ಟೆ ಊದಿಕೊಂಡು, ಬಾಲ ಮೇಲಾಗಿ ತೇಲತೊಡಗಿತು. ತಳಕ್ಕೆ ಹೋಗಲು ಕಾಲು ಬಡಿಯುವುದು, ಮತ್ತೆ ಮೇಲಕ್ಕೆ ಬರುವುದು. ಕಾವ್ಯ ಮಲ್ಲಿಕಾರ್ಜುನ್‌ಗೆ ಫೋನು ಮಾಡಿದಳು. ಅವನು ಕೇಳಿ ಬೈದ. "ಕಡಲೆಕಾಳಾ? ಯಾರ್ರೀ ಹಾಕಿದ್ದು? ತಣ್ಣೀರಿನ ಡಬ್ಬೀಲಿ ಬಿಟ್ಟು ಫ್ರಿಜ್ಜಲ್ಲಿಡಿ, ತಂಪಿಗೆ ಒಳಗಿರೋದು ಹೊರಗೆ ಬಂದ್ರೂ ಬರ್ಬೋದು. ಒಂದಗಳೂ ತಿನ್ನಿಸ್ಬೇಡಿ. ಇನ್ನೊಂದು ಕಾಳು ಹೋದ್ರೂ ಉಳ್ಯಲ್ಲ. ನಾಳೆ ತಗೊಂಡ್ಬನ್ನಿ, ನೋಡಣ."

ಫ್ರಿಜ್ಜಿನಲ್ಲಿ ಅವ್ವನ ನೈವೇದ್ಯದ ಹಾಲು ಮೊಸರು. ಅಲ್ಲಿ ಪ್ರಾಣಿ ಇಡಬೇಕಾದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ಎಲ್ಲವನ್ನೂ ಹೇಳಬೇಕು. ಅಷ್ಟು ಹೆಂಗಸರ ಮುಂದೆ ಅವ್ವ ಎತ್ತಿ ಆಡಿದ ಮಾತು ನೆಲಕ್ಕೆ ಬೀಳುತ್ತದೆ. ಅಣ್ಣ "ಬೆಳಿಗ್ಗೆ ಹೇಳ್ತೀನಿ ಪುಟ್ಟಾ, ಖಂಡಿತಾ" ಎಂದ. ಕಾವ್ಯ ಅಳುತ್ತಾ ಐಸ್ ಬಾಟಲಿ ಬದಲಿಸುತ್ತಾ ಕೂತಳು.

ಬೆಳಿಗ್ಗೆ ಅವ್ವ ಅಂಗೈ ಮೇಲೆ ಲಿಂಗವಿಟ್ಟು ಕಣ್ಣು ಮುಚ್ಚಿದ್ದಳು. ಅಣ್ಣ ಬಾಗಿಲಲ್ಲಿ ನಿಂತ. ಅತ್ತಿಗೆ ಅಡಿಗೆಮನೆಯಿಂದ, ಕಾವ್ಯ ಮೆಟ್ಟಿಲಿಂದ ನೋಡುತ್ತಿದ್ದರು. ಅವ್ವ ಕಣ್ಣು ಬಿಟ್ಟು "ಏನಪ್ಪಾ?" ಎಂದಳು.

"ಇವತ್ತು ಶಂಭೂಗೆ ಏನೂ ಹಾಕ್ಬೇಡ ಅವ್ವಾ."

"ಯಾಕೆ? ಅದಕ್ಕೂ ಉಪವಾಸವಾ?" ಎಂದು ಅವ್ವ ನಕ್ಕಳು.

ಇವನೂ ನಕ್ಕ. "ಹೂಂ, ಹಂಗೇ ಅನ್ಕೋ. ಬಸ್ಸಿಗೆ ಹೊತ್ತಾಯ್ತು" ಎಂದು ಚಪ್ಪಲಿ ಮೆಟ್ಟಿದ. ಮಗಳ ಕಡೆ ತಿರುಗಿ, ಸಂಜೆ ಬೇಗ ಬಂದು ತುಮಕೂರಿಗೆ ಕರೆದೊಯ್ಯುತ್ತೇನೆ ಎಂಬಂತೆ ಕೈಸನ್ನೆ ಮಾಡಿದ. ಕುಣಿಗಲ್ಲಿಗೆ ಹೋದ. ಅಲ್ಲಿ ಹೋಗಿ ಕೂತು ಅವನು ಏನು ಲೆಕ್ಕ ಬರೆದನೋ ಶಿವನೇ ಬಲ್ಲ.

ನಮ್ಮಲ್ಲಿ ಉಪವಾಸ ಎಂದರೆ ಅದಕ್ಕೊಂದು ಮುಗಿತಾಯವಿದೆ. ಪೂಜೆಯಾದ ಮೇಲೆ ಉಪವಾಸವಿದ್ದವರಿಗೆ ಕರೆದು ಉಣ್ಣಿಸಬೇಕು, ಹಾಗೇ ಬಿಡಬಾರದು. ಮಧ್ಯಾಹ್ನ ಅವ್ವ ನೋಡಿದರೆ ಶಂಭು ಒಂದು ಮೂಲೆಯಲ್ಲಿ ತೇಲುತ್ತಿದೆ. ಬಳಲಿದೆ ಅಂದುಕೊಂಡಳು. ನೀರಿಗೆ ಚಿಟಿಕೆ ವಿಭೂತಿ ಹಾಕಿ ಕೈಮುಗಿದಳು. ಕಡಲೆ ಗಟ್ಟಿಯಾಯಿತೇನೋ ಎಂದು ಮತ್ತೆ ಬೇಯಿಸಿ, ಸಿಪ್ಪೆ ಸುಲಿದು, ಅನ್ನದ ಜೊತೆ ಮೆತ್ತಗೆ ಮಸೆದು, ಉಂಡೆ ಕಟ್ಟಿ, ನೀರಿಗೆ ಕೈ ಹಾಕಿ ತಿನ್ನಿಸಿದಳು.

ಸಂಜೆ ಕಾವ್ಯ ಶಾಲೆಯಿಂದ ಬರುವ ಹೊತ್ತಿಗೆ ಮುಗಿದಿತ್ತು. ನನಗೆ ಫೋನು ಬಂತು. ಅಳುವಿನಲ್ಲಿ "ಅತ್ತೇ, ಬಾ" ಎಂಬುದೊಂದೇ ತಿಳಿದದ್ದು. ಅವ್ವನಿಗೇನೋ ಆಯಿತು ಎಂದುಕೊಂಡು ಸಿಕ್ಕ ಬಸ್ಸು ಹತ್ತಿ ಹೋದೆ. ಹೋಗಿ ನೋಡಿದರೆ ಅವ್ವ ನಡುಮನೆಯಲ್ಲಿ ಗೋಡೆಗೆ ಒರಗಿ ಸಮಾಧಾನವಾಗಿಯೇ ಕೂತಿದ್ದಾಳೆ, ಮುಂದೆ ಬಾಳೆಎಲೆಯ ಮೇಲೆ ಶಂಭು, ಹಣೆಯ ಜಾಗಕ್ಕೆ ವಿಭೂತಿ. ಆಗಲೂ ಅದು ನಗುತ್ತಿರುವ ಹಾಗೇ ಇತ್ತು. "ಅಳ್ಬಾರ್ದು ಮಗಾ, ಉಪವಾಸ ಮುಗ್ಸಿ, ಉಂಡು, ಶಿವನ ಹತ್ರ ಹೋಗೈತೆ. ಎಷ್ಟ್ ಜನಕ್ಕೆ ಸಿಕ್ಕುತ್ತೆ ಇಂಥ ಸಾವು?" ಎಂದು ಕಾವ್ಯಳ ತಲೆ ಸವರುತ್ತಿದ್ದಳು. ಕಾವ್ಯ ಅಜ್ಜಿಯ ಕೈಯನ್ನು ತಲೆಯಿಂದ ಸರಿಸಿದಳು.

ಅಣ್ಣ ಬಂದ. ಬಾಗಿಲಲ್ಲೇ ಎಲ್ಲ ತಿಳಿಯಿತು ಅವನಿಗೆ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವ್ವನಿಗೆ ಅನುಮಾನವಿರಲಿಲ್ಲ, ನನಗಿರಲಿಲ್ಲ, ಊರಿಗಿರಲಿಲ್ಲ. ಕಾವ್ಯ ಎದ್ದು ಅವನ ಮುಂದೆ ನಿಂತಳು.

"ಅಪ್ಪಾ, ನಿನ್ ಮೇಲೆ ಹಾಕ್ಸಿದ ಆಣೆ ಬಿಡ್ತೀಯಾ? ನಾನ್ ಹೇಳ್ತೀನಿ ಅಜ್ಜೀಗೆ."

ನಮ್ಮಣ್ಣನ ಮುಖ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು. ಬ್ಯಾಗು ಕೆಳಗಿಟ್ಟು ಅವ್ವನ ಮುಂದೆ ನೆಲದ ಮೇಲೆ ಕೂತ. "ಬ್ಯಾಡ ಪುಟ್ಟಾ, ನಾನೇ ಹೇಳ್ತೀನಿ" ಎಂದ. ಹೇಳಿದ. ಎರೆಹುಳ, ಇಂಗಿನ ಡಬ್ಬಿ, ಬಾಗಿಲು ಹಾಕಿಕೊಂಡು ಮಾಡಿದ ಧ್ಯಾನ, ಬಲೆಯಿಂದ ತೆಗೆದ ಬಟಾಣಿ, ಫ್ರಿಜ್ಜು, ಉಪವಾಸ, ಒಂದನ್ನೂ ಬಿಡಲಿಲ್ಲ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎದ್ದು ಹೋಗಿ ಅವನ ಬಾಯಿ ಮುಚ್ಚೋಣ ಅನ್ನಿಸಿತು ನನಗೆ, ಯಾಕೆಂದರೆ ನಾನು ಅವ್ವನ ಮುಖ ನೋಡುತ್ತಿದ್ದೆ.

ಅವ್ವ ಬೈಯುತ್ತಾಳೆ, ದೇವರಮನೆ ಮೈಲಿಗೆಯಾಯಿತು ಎಂದು ಕೂಗಾಡುತ್ತಾಳೆ ಎಂದು ಎಲ್ಲರೂ ಕಾದೆವು. ಅವಳು ಆ ಮಾತೇ ಎತ್ತಲಿಲ್ಲ.

"ಕಾಳು ಅದಕ್ಕೆ ಆಗಲ್ವಾ?" ಎಂದಳು.

"ಆಗಲ್ಲ ಅವ್ವಾ."

"ಮಧ್ಯಾಹ್ನ ಅದು ಬಾಯಿ ತೆಗೀಲಿಲ್ಲ ಕಣೋ. ಮುಖ ತಿರುಗಿಸ್ತು. ನಾನೇ ಬುಡ್ಲಿಲ್ಲ. ಬೆರಳಲ್ಲಿ ಬಾಯಿ ಬಿಡ್ಸಿ ಒತ್ತಿದೆ." ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. "ಹುಳ ಕೊಂದ ಪಾಪ ನಿಂದಾಗ್ತಿತ್ತು. ಅದನ್ನ ನೀನು ಹೊತ್ಕೊಂಡಿದ್ರೆ ಆಗೋಗ್ತಿತ್ತು. ನನ್ ಕೈಲಿ ಯಾಕೋ ಕೊಲ್ಲಿಸ್ದೆ ಷಡಕ್ಷರಿ? ಹೆತ್ತೋಳ ಹತ್ರ ಎಂಥಾ ನಾಚ್ಕೆಯೋ ನಿಂದು?"

ಅಣ್ಣ ಅವಳ ಕಾಲು ಹಿಡಿದ. ಅವಳು ಕಾಲು ಎಳೆದುಕೊಳ್ಳಲಿಲ್ಲ, ತಲೆ ಮುಟ್ಟಲೂ ಇಲ್ಲ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾನು ಕಾಳು ಹಾಕಿದ ನನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ. ಆ ಹೊತ್ತು ನಾಚಿಕೆ ಅನ್ನುವುದು ಆ ಮನೆಯಲ್ಲಿ ಯಾರೊಬ್ಬರನ್ನೂ ಬಿಟ್ಟಿರಲಿಲ್ಲ.

ಮುಂದಿನ ಭಾನುವಾರ ನಮ್ಮಣ್ಣ ಒಂದು ಕೆಲಸ ಮಾಡಿದ. ಅಕ್ಕನ ಬಳಗದ ಒಬ್ಬೊಬ್ಬರ ಮನೆಗೂ ಹೋದ. ಬಸ್ಸು ನಿಲ್ಲಿಸಲು ಕೂಗಲಾರದವನು ಬಾಗಿಲು ಬಡಿದು, ಅಂಗಳದಲ್ಲಿ ನಿಂತು, "ಅಮ್ಮಾ, ಅದು ಹುಳ ತಿನ್ನೋ ಪ್ರಾಣಿ. ಕಾಳು ತಿನ್ನುತ್ತೆ ಅಂತ ನಾನ್ ಸುಳ್ಳು ಹೇಳಿದ್ದು. ನಮ್ಮವ್ವಂಗೆ ಏನೂ ಗೊತ್ತಿರ್ಲಿಲ್ಲ, ಅವ್ರನ್ನ ಏನೂ ಅನ್ಬೇಡಿ" ಎಂದು ಹೇಳಿ ಬಂದ. ಕೆಲವರು ನಕ್ಕರು. ಒಬ್ಬರು "ದೇವರಮನೇಲಿ ಹುಳವಾ? ಥೂ" ಎಂದು ಮುಖದ ಮೇಲೇ ಬಾಗಿಲು ಹಾಕಿದರು. ಒಬ್ಬರು ಕೂರಿಸಿ ಕಾಫಿ ಕೊಟ್ಟರಂತೆ. ಕಾವ್ಯ ಅವನ ಜೊತೆ ಹೋಗಿರಲಿಲ್ಲ. ಬೀದಿಯ ಕೊನೆಯ ತನಕ ಹಿಂದೆ ಹಿಂದೆ ನಡೆದು ದೂರದಲ್ಲಿ ನಿಂತು ನೋಡಿದಳಂತೆ. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಆದರೆ ಅವ್ವ ಅವತ್ತಿನಿಂದ ಯಾರಿಗೂ ತನ್ನ ಕೈಯಿಂದ ಉಣ್ಣಲು ಇಕ್ಕುತ್ತಿಲ್ಲ. ಇರುವೆಗೆ ರವೆ ಇಲ್ಲ, ಬಾಗಿಲಿಗೆ ಬಂದ ಹಸುವಿಗೆ ಬಾಳೆಹಣ್ಣಿಲ್ಲ. ಎಷ್ಟೇ ಮಂಡಿ ನೋಯಲಿ, ಮನೆಯಲ್ಲಿ ಎಲ್ಲರ ತಟ್ಟೆಗೂ ಮುದ್ದೆ ಇಡುತ್ತಿದ್ದವಳು ಅವಳೇ. ಈಗ ಮುದ್ದೆ ಕಟ್ಟಿ ಅತ್ತಿಗೆಯ ಕಡೆ ತಳ್ಳಿಬಿಡುತ್ತಾಳೆ.

ಮೊನ್ನೆ ನಾನು ಹೋಗಿದ್ದಾಗ ಅಣ್ಣ ತಟ್ಟೆ ಹಿಡಿದುಕೊಂಡು ಅವಳ ಎದುರಿಗೆ ಬಂದು ಕೂತ. "ಅವ್ವಾ, ನೀನೇ ಇಕ್ಕು" ಎಂದ.

ಅವ್ವ ಅವನನ್ನು ನೋಡಿದಳು. ಕೋಪವಿರಲಿಲ್ಲ ಅವಳ ಮುಖದಲ್ಲಿ, ಹೆದರಿಕೆಯಿತ್ತು.

"ನನ್ ಕೈ ಬ್ಯಾಡ ಕಣಪ್ಪ. ನಿಂಗೆ ಬ್ಯಾಡ ಅನ್ನಿಸಿದ್ರೂ ನೀನು ಬಾಯ್ಬುಟ್ಟು ಹೇಳೋನಲ್ಲ. ನಂಗೆ ಹೆಂಗೆ ಗೊತ್ತಾಗ್ಬೇಕು?"